ಪಾರ್ವೋ ಬಂದು ಹೋದ ಮನೆಯನ್ನು ತೊಳೆಯುವುದು ಹೇಗೆ?

ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ವೈರಸ್ಸಿನಿಂದ ಮರಿ ಸತ್ತ ಮನೆಗೆ ತಿಂಗಳೊಳಗೆ ಇನ್ನೊಂದು ಮರಿ ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಅದಕ್ಕೂ ವಾಂತಿ, ರಕ್ತ ಬೆರೆತ ನಾರುವ ಭೇದಿ. ‘ಫಿನೈಲ್ ಹಾಕಿ ಒರೆಸಿದ್ದೆವಲ್ಲ’ ಎಂದು ಅಳುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಫಿನೈಲ್ ನಂಬಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ. ಅಂಥವು ಸಾಮಾನ್ಯವಾಗಿ ವೈರಸ್ಸಿನ ಜಿಡ್ಡಿನ ಹೊದಿಕೆಯನ್ನು ಒಡೆಯುತ್ತವೆ. ಪಾರ್ವೋಗೆ ಆ ಹೊದಿಕೆಯೇ ಇಲ್ಲ. ಅದಕ್ಕೇ ಅದು ಮನೆಯೊಳಗೆ ತಿಂಗಳುಗಟ್ಟಲೆ, ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು.

ಮರಿಗಳಿಗೆ ಇದು ಇಷ್ಟು ಕ್ರೂರ ಏಕೆಂದರೆ, ಬೇಗ ಬೇಗ ಬೆಳೆಯುವ ಜೀವಕೋಶಗಳೇ ಇದರ ಗುರಿ. ಕರುಳಿನ ಒಳಪದರ ಹಾಳಾಗಿ ಮೈಯ ನೀರೆಲ್ಲ ಹೋಗುತ್ತದೆ. ಮೂಳೆಮಜ್ಜೆಗೂ ಪೆಟ್ಟು ಬಿದ್ದು ಬಿಳಿ ರಕ್ತಕಣ ಕುಸಿಯುತ್ತವೆ. ಆಗ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲೇ ಮರಿ ಸಾಯಬಹುದು.

ಪಾರ್ವೋವನ್ನು ಕೊಲ್ಲುವುದು ಬ್ಲೀಚ್. ಆದರೆ ಮೊದಲು ಕೊಳೆ ತೆಗೆಯಿರಿ. ಹಾಸಿಗೆ, ಬಟ್ಟೆಯ ಆಟಿಕೆ ಎಸೆದುಬಿಡಿ, ಉಳಿಸಿಕೊಳ್ಳುವ ಆಸೆ ಬೇಡ. ನೆಲವನ್ನು ಸೋಪಿನಿಂದ ಉಜ್ಜಿ ತೊಳೆಯಿರಿ. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ.

ಎಡವುವುದು ಬ್ಲೀಚ್ ಹಾಕುವಾಗ. ಶೇ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ತನ್ನಿ. ಹಳೆಯ ಬಾಟಲಿ ಬೇಡ, ಇಟ್ಟಷ್ಟೂ ಅದರ ಶಕ್ತಿ ಇಳಿಯುತ್ತದೆ. 1 ಪಾಲು ಬ್ಲೀಚಿಗೆ 30 ಪಾಲು ನೀರು, ಅಂದರೆ ಲೀಟರಿಗೆ ಸುಮಾರು 35 ಮಿ.ಲೀ. ಅಂದಂದೇ ಕಲಸಿ. ನೆಲ, ಗೋಡೆಯ ಕೆಳಭಾಗ, ಸಂದುಗೊಂದು, ಬಟ್ಟಲು, ಪಂಜರ, ಚಪ್ಪಲಿಯ ಅಡಿ, ಎಲ್ಲಕ್ಕೂ ಹಚ್ಚಿ. ಆಮೇಲೆ 10 ನಿಮಿಷ ಅದು ಒದ್ದೆಯಾಗಿಯೇ ಇರಬೇಕು. ಹಚ್ಚಿದ ಕೂಡಲೇ ಒರೆಸಿದರೆ ಸುಮ್ನೆ ಶ್ರಮ. ಮಧ್ಯೆ ಒಣಗಿದರೆ ಮತ್ತೆ ಹಚ್ಚಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಟಾಯ್ಲೆಟ್ ಆ್ಯಸಿಡ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಕೊನೆಗೆ ನೀರಿನಲ್ಲಿ ತೊಳೆದು ಒಣಗಿಸಿ.

ಅಂಗಳದ ಮಣ್ಣಿಗೆ ಬ್ಲೀಚ್ ನಾಟುವುದಿಲ್ಲ. ಮಲ ಎತ್ತಿ, ಬಿಸಿಲು ಬೀಳಲು ಬಿಡಿ. ಲಸಿಕೆ ಮುಗಿಯದ ಮರಿಯನ್ನು ಒಂದು ವರ್ಷ ಅಲ್ಲಿಗೆ ಬಿಡಬೇಡಿ.

ಇಷ್ಟೆಲ್ಲ ಮಾಡಿದರೂ ಆ ಮನೆಗೆ ಎಳೆಯ ಮರಿ ತರಬಾರದು ಎಂಬುದೇ ನನ್ನ ಮಾತು. ತಾಯಿಯಿಂದ ಬಂದ ರಕ್ಷಣೆ ಮೊದಮೊದಲ ಲಸಿಕೆಯನ್ನು ತಡೆಯಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೂ ಹಾಕಿಸುತ್ತಾರೆ. ಒಂದು ಸೂಜಿ ಆಗಿದೆ, ಸಾಕು ಅನ್ನಬೇಡಿ. ತರಬೇಕಾದ ಮರಿಯನ್ನು ಈಗಾಗಲೇ ಆರಿಸಿಟ್ಟಿದ್ದರೆ, ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವವರೆಗೂ ಅದು ಹುಟ್ಟಿದ ಮನೆಯಲ್ಲೇ ಇರಲಿ. ಲಸಿಕೆಯ ಖರ್ಚು ನೀವು ಕೊಡಿ.