ಮಿಸರಿ ಜೇನಿನ ಮೇಲಿನ ನನ್ನ ಪ್ರಬಂಧ ಅಚ್ಚಾದ ಬಗೆ

ಅಡಕೆ ಹಾಳೆಯನ್ನೂ ಫ್ರಿಜ್ಜಿನಲ್ಲಿಡುವ ಥರ್ಮಾಮೀಟರನ್ನೂ ನೆಚ್ಚಿಕೊಂಡು ಮಾಡಿದ ಕೆಲಸವನ್ನು ಒಳ್ಳೆಯ ಜರ್ನಲ್ ಯಾವುದೂ ಮೂಸಿ ನೋಡುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಹೇಳಿದವರಿದ್ದರು. ಶಿರಸಿಯ ಕಡೆಯ ಪದವಿ ಕಾಲೇಜೊಂದರಲ್ಲಿ ವಾರಕ್ಕೆ ಹದಿನಾರು ಗಂಟೆ ಪ್ರಾಣಿಶಾಸ್ತ್ರದ ಪಾಠ ಮಾಡುವವನಿಗೆ ಸಂಶೋಧನೆಯ ಉಸಾಬರಿ ಏಕೆ ಎಂಬ ದನಿಯೂ ಆ ಮಾತಿನಲ್ಲಿತ್ತು. ಆ ಪ್ರಬಂಧ ಈಗ ಅಚ್ಚಾಗಿದೆ. ಅಚ್ಚಿಗೆಂದು ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅಧ್ಯಾಪಕ ಮಿತ್ರರು ಕೆಲವರು ಕೇಳಿದ್ದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ. ಲೆಕ್ಕಗಳು ನೆನಪಿನಿಂದ ಹೇಳುವಂಥವು, ಹತ್ತಿಪ್ಪತ್ತು ಆಚೀಚೆ ಇದ್ದೀತು.

ಪ್ರಶ್ನೆ ಸಣ್ಣದು. ಚಳಿಗಾಲದ ಬೆಳಿಗ್ಗೆ ಮಿಸರಿ ಜೇನು (ಕುಟುಕದ ಪುಟ್ಟ ಜೇನು) ಗೂಡಿನಿಂದ ತಡವಾಗಿ ಹೊರಡುತ್ತದೆ ಎಂಬುದು ಪೆಟ್ಟಿಗೆ ಇಟ್ಟವರಿಗೆಲ್ಲ ಗೊತ್ತು. ಅದು ಕಾಯುವುದು ಬೆಳಕಿಗೋ, ಗೂಡು ಬೆಚ್ಚಗಾಗುವುದಕ್ಕೋ? ಹೊತ್ತು ಏರಿದಂತೆ ಎರಡೂ ಜೊತೆಯಲ್ಲೇ ಹೆಚ್ಚುವುದರಿಂದ ಬರೇ ನೋಡುತ್ತ ಕುಳಿತರೆ ಒಂದನ್ನು ಇನ್ನೊಂದರಿಂದ ಬಿಡಿಸಲಾಗದು. ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೋಗಲು ಒಂದು ಇಡೀ ಚಳಿಗಾಲವೂ ಮೂರು ಸಾವಿರದ ಎಂಟುನೂರು ರೂಪಾಯಿಯೂ ಬೇಕಾದವು.

ಮೊದಲ ಚಳಿಗಾಲದಲ್ಲಿ ಮನೆಯ ಮೂರು ಪೆಟ್ಟಿಗೆಗಳ ಮುಂದೆ ವಿದ್ಯಾರ್ಥಿಗಳನ್ನು ಕೂರಿಸಿ ನಲವತ್ತು ಬೆಳಿಗ್ಗೆ ಹೊರಬೀಳುವ ಹುಳಗಳನ್ನು ಎಣಿಸಿದೆ. ಮೂರು ನಲವತ್ತಲೆ ನೂರಿಪ್ಪತ್ತು ಎಂದು ಹಿಗ್ಗಿ, ವ್ಯತ್ಯಾಸ ಬರೇ ಆಕಸ್ಮಿಕವೋ ಎಂದು ನೋಡುವ ಟಿ-ಟೆಸ್ಟ್ ಹಾಕಿದೆ. ಉತ್ತರ ಕಣ್ಣು ಕುಕ್ಕುವಂತೆ ಬಂತು. ಅದೇ ಹೊತ್ತಿಗೆ ‘ಗೌರವಾನ್ವಿತ ಪ್ರಾಧ್ಯಾಪಕರೇ’ ಎಂದು ಆರಂಭವಾಗುವ ಒಂದು ಇ-ಮೇಲ್ ಬಂತು. ಹಣ ಕೊಟ್ಟರೆ ಪ್ರಬಂಧ ಅಚ್ಚು ಹಾಕುವ ಜರ್ನಲ್ಲೊಂದರದು. ಆ ಮೂರು ಸಾವಿರದ ಎಂಟುನೂರು ಕಟ್ಟಿದ ನಾಲ್ಕನೆಯ ದಿನಕ್ಕೆ ಪ್ರಬಂಧ ‘ಪ್ರಕಟ’ವಾಯಿತು, ಜೊತೆಗೊಂದು ಬಣ್ಣದ ಪ್ರಮಾಣಪತ್ರವೂ ಬಂತು. ಅಚ್ಚಿಗೆ ಮೊದಲು ಪ್ರಬಂಧವನ್ನು ಪರಿಶೀಲಿಸಬೇಕಾದ ವಿಮರ್ಶಕರ ಒಂದು ಸಾಲಿನ ಪ್ರಶ್ನೆಯೂ ಇರಲಿಲ್ಲ. ನನಗೆ ಅನುಮಾನ ಬರಬೇಕಿದ್ದದ್ದು ಅಲ್ಲಿಯೇ. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿದಾಗ ನನ್ನದೂ ಹೋಯಿತು. ಬಡ್ತಿಯ ಅಂಕಕ್ಕೂ ಬರಲಿಲ್ಲ. ಒಮ್ಮೆ ಅಚ್ಚಾದ ದತ್ತಾಂಶವನ್ನು ಬೇರೆ ಕಡೆ ಕಳಿಸುವಂತೆಯೂ ಇರಲಿಲ್ಲ.

ಪರಿಚಯದ ಸಂಖ್ಯಾಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಎರಡನೆಯ ಪುಟದಲ್ಲೇ ನಿಂತು, “ನಿಮ್ಮ ಹತ್ರ ಇರೋದು ನೂರಿಪ್ಪತ್ತಲ್ಲ ಸರ್, ಮೂರು” ಎಂದರು. ಒಂದೇ ಪೆಟ್ಟಿಗೆಯ ನಲವತ್ತು ಬೆಳಗುಗಳು ನಲವತ್ತು ಬೇರೆ ಬೇರೆ ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ನಲವತ್ತು ಬಾರಿ ಹೇಳಿದ ಮಾತು. ಇದನ್ನು ಸೂಡೋರೆಪ್ಲಿಕೇಶನ್ ಎಂದು ಕರೆದು 1984ರಲ್ಲಿ ಪರಿಸರವಿಜ್ಞಾನಿ ಹರ್ಲ್‌ಬರ್ಟ್ ಬರೆದ ಲೇಖನವನ್ನು ಅವರೇ ಓದಲು ಕೊಟ್ಟರು. ಆತ 176 ಪ್ರಯೋಗಾತ್ಮಕ ಅಧ್ಯಯನಗಳನ್ನು ಜಾಲಾಡಿ, ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದವುಗಳಲ್ಲಿ ಶೇ 48ರಷ್ಟು ಇದೇ ಹಳ್ಳಕ್ಕೆ ಬಿದ್ದಿರುವುದನ್ನು ತೋರಿಸಿದ್ದಾರೆ. ದೊಡ್ಡವರ ಜೊತೆಗೇ ಬಿದ್ದಿದ್ದೇನೆ ಎಂದು ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸುತ್ತಿಗೆ ಹನ್ನೆರಡು ಗೂಡುಗಳನ್ನು ಹೊಂದಿಸಿದೆ. ತೋಟದ ಬಿದಿರು, ಹಳೆಯ ಗೋಡೆಗಳಿಂದ ಪೆಟ್ಟಿಗೆಗೆ ಇಳಿಸುವಾಗ ಮೊದಲ ನಾಲ್ಕನ್ನು ಕಳೆದುಕೊಂಡೆ. ಎರಡಕ್ಕೆ ಇರುವೆ ನುಗ್ಗಿತು, ಎರಡರಲ್ಲಿ ರಾಣಿ ಉಳಿಯಲಿಲ್ಲ. ಆಮೇಲೆ ಒಂದೂ ಕೆಡದಂತೆ ಹೇಗೆ ಇಳಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ಮುಂದಿನ ಪ್ರಬಂಧಕ್ಕೆ ಇಟ್ಟುಕೊಂಡ ಸರಕು. ಹನ್ನೆರಡನ್ನು ಪೂರ್ವದ ಗೋಡೆಗೆ ಎರಡೆರಡರಂತೆ ಆರು ಜೋಡಿ ಮಾಡಿ ಕೂರಿಸಿದೆ. ರಾತ್ರಿ ಊಟವಾದ ಮೇಲೆ ಪ್ರತಿ ಜೋಡಿಗೂ ಒಂದು ಸಲ ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಜೋಡಿಯ ಒಂದು ಪೆಟ್ಟಿಗೆಗೆ ಮರುದಿನ ಅಡಕೆ ಹಾಳೆಯ ನೆರಳು. ಬಾಗಿಲಿನ ಮೇಲೆ ಮಾತ್ರ ನೆರಳು ಬೀಳಕೂಡದು. ಹೀಗೆ ಗೂಡು ತಣ್ಣಗಿದ್ದರೂ ಬಾಗಿಲ ಬೆಳಕು ಎರಡಕ್ಕೂ ಒಂದೇ ಆಯಿತು. ಹಾಳೆ ತಾಗಿದ್ದಕ್ಕೇ ಹುಳ ಬೆದರಿತು ಎಂದು ನಾಳೆ ಯಾರೂ ಹೇಳಬಾರದೆಂದು, ನೆರಳಿಲ್ಲದ ಪೆಟ್ಟಿಗೆಗೂ ಹಿಂಬದಿಯಲ್ಲಿ ಒಂದು ಹಾಳೆ ಒರಗಿಸಿದೆ. ನಾಣ್ಯದ ಆಟ ಕಂಡು ಮನೆಯವರು ನಕ್ಕರು. ಆದರೆ ನಾನೇ ಆರಿಸಿದ್ದರೆ ಚುರುಕಾದ ಗೂಡುಗಳೆಲ್ಲ ನನಗರಿವಿಲ್ಲದೆಯೇ ಬಿಸಿಲಿನ ಪಾಲಾಗುತ್ತಿದ್ದವು.

ವಿದ್ಯಾರ್ಥಿಗಳ ಎಣಿಕೆಯ ಮೇಲಿನ ನಂಬಿಕೆ ಮೊದಲ ವರ್ಷವೇ ಹೋಗಿತ್ತು. ಒಂದೇ ಬಾಗಿಲಿಗೆ ಇಬ್ಬರನ್ನು ಕೂರಿಸಿದರೆ ಒಬ್ಬ ಮೂವತ್ತೊಂದು ಎಂದರೆ ಇನ್ನೊಬ್ಬ ನಲವತ್ತನಾಲ್ಕು ಎನ್ನುತ್ತಿದ್ದ. ಅಧ್ಯಾಪಕರಿಗೆ ಯಾವ ಉತ್ತರ ಬೇಕು ಎಂಬುದೂ ಇಬ್ಬರಿಗೂ ಗೊತ್ತಿತ್ತು. ಈ ಬಾರಿ ಎಲ್ಲವೂ ವಿಡಿಯೊ. ಒಂದು ಮೊಬೈಲಿಗೆ ಮೂರು ಬಾಗಿಲು, ಒಟ್ಟು ನಾಲ್ಕು ಹಳೆಯ ಮೊಬೈಲು. ಕಡತಗಳಿಗೆ ದಿನಾಂಕದ ಬದಲು ಅರ್ಥವಿಲ್ಲದ ಅಂಕಿಗಳನ್ನು ಕೊಟ್ಟು, ಬಾಗಿಲಿನ ಸುತ್ತ ಒಂದು ಗೇಣು ಬಿಟ್ಟು ಉಳಿದ ಚಿತ್ರವನ್ನು ಕತ್ತರಿಸಿ, ನೆರಳಿನದು ಯಾವುದೆಂದು ತಿಳಿಯದವರ ಕೈಗೆ ಎಣಿಸಲು ಕೊಟ್ಟೆ. ಒಂದು ನಿಮಿಷದಲ್ಲಿ ಐದು ಹುಳ ಹೊರಬಿದ್ದರೆ ‘ಹೊರಟಿತು’ ಎಂದು ಮೊದಲೇ ಬರೆದಿಟ್ಟು ಸಹಿ ಹಾಕಿದ್ದೆ. ನಾಲ್ಕು ಮಿಲಿಮೀಟರಿನ ಹುಳವನ್ನು ಮೂರು ಬಾಗಿಲಿನ ಚೌಕಟ್ಟಿನಲ್ಲಿ ಹೇಗೆ ಕಂಡೆವೆಂಬುದಕ್ಕೆ ಒಂದು ಉಪಾಯವಿದೆ, ಬೇಕಾದವರು ಪ್ರಬಂಧವನ್ನೇ ಓದಿಕೊಳ್ಳಲಿ.

ಎಲ್ಲರೂ ಮೂಗು ಮುರಿದದ್ದು ಗೂಡಿನ ಬಿಸಿ ಅಳೆಯಲು ತಂದ ಥರ್ಮಾಮೀಟರಿಗೆ. ತಂತಿಯ ತುದಿಗೆ ಮೊಳೆಯಂಥ ಲೋಹವಿರುವ ಡಿಜಿಟಲ್ ಜಾತಿಯದು, ಒಂದಕ್ಕೆ ಸುಮಾರು ನೂರೈವತ್ತು ರೂಪಾಯಿ, ಹದಿನಾಲ್ಕು ತಂದಿದ್ದೆ. ಪುಡಿ ಮಾಡಿದ ಮಂಜುಗಡ್ಡೆಗೆ ನೀರು ಬೆರೆಸಿ ಹದಿನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಮುಳುಗಿಸಿ ಹತ್ತು ನಿಮಿಷ ಕಾದರೆ ಎಲ್ಲವೂ ಸೊನ್ನೆ ತೋರಿಸಬೇಕು. ಹನ್ನೆರಡು ಅರ್ಧ ಡಿಗ್ರಿಯೊಳಗೆ ನಿಂತವು, ಒಂದು 1.8 ಎಂದಿತು, ಇನ್ನೊಂದು ಮೈನಸ್ ಎರಡು. ಆ ಎರಡನ್ನು ಪಕ್ಕಕ್ಕಿಟ್ಟು, ಉಳಿದವನ್ನು ನೀರಿನಲ್ಲಿ ಪ್ರಯೋಗಾಲಯದ ಪಾದರಸದ ಥರ್ಮಾಮೀಟರಿನ ಪಕ್ಕದಲ್ಲಿ 15ರಿಂದ 35 ಡಿಗ್ರಿಯವರೆಗೆ ಹೋಲಿಸಿ, ಪ್ರತಿಯೊಂದರ ತಪ್ಪನ್ನೂ ಕೋಷ್ಟಕ ಮಾಡಿದೆ. ಒಂದು ಸಂಜೆಯ ಕೆಲಸ. ಮುಂದೆ ವಿಮರ್ಶಕರೊಬ್ಬರು ಉಪಕರಣದ ಬಗ್ಗೆ ಕೇಳಿದಾಗ ಈ ಕೋಷ್ಟಕ ಕಳಿಸಿದೆ, ಮತ್ತೆ ಆ ಮಾತೇ ಬರಲಿಲ್ಲ. ಕೀಟಗಳ ವರ್ತನೆಯ ವಿಜ್ಞಾನಿ ರಾಘವೇಂದ್ರ ಗದಗಕರ್ ಅವರು ಬೆಂಗಳೂರಿನಲ್ಲಿ ದಶಕಗಳ ಕಾಲ ರೊಪಾಲಿಡಿಯ ಎಂಬ ಕಣಜದ ಹುಳಗಳನ್ನು ಮೈಮೇಲೆ ಬಣ್ಣದ ಚುಕ್ಕೆ ಇಟ್ಟು ಗುರುತಿಸಿ ಅಭ್ಯಾಸ ಮಾಡಿದವರು. ಅಗ್ಗದ ಸಾಧನ ಎಂದು ಹೀಗಳೆಯುವವರಿಗೆ ನಾನು ಆ ಚುಕ್ಕೆಗಳನ್ನು ನೆನಪಿಸುತ್ತೇನೆ.

ಬಣ್ಣದ ಮಾತು ಬಂದದ್ದರಿಂದ ಹೇಳುತ್ತೇನೆ: ಹುಳಗಳು ತಮ್ಮ ಬಾಗಿಲನ್ನು ಬಣ್ಣದಿಂದ ಗುರುತಿಸುತ್ತವೆಯೇ ನೋಡೋಣವೆಂದು ಎರಡು ಬಾಗಿಲಿಗೆ ಎಣ್ಣೆಬಣ್ಣದ ಬಳೆ ಬರೆದೆ. ಅವು ಹಸಿ ಬಣ್ಣವನ್ನೇ ಅಂಟೆಂದು ಕೆರೆದು ಕಾಲಿಗೆ ಮೆತ್ತಿಕೊಂಡು ಒಳಗೆ ಸಾಗಿಸಿದವು. ಒಂದು ವಾರ ಅದರ ಹಿಂದೆ ಬಿದ್ದು ಕೈಬಿಟ್ಟೆ.

ಖರ್ಚು ಹೀಗೆ: ಬಡಗಿಗೆ ಪೆಟ್ಟಿಗೆಗಳ ಬಾಬ್ತು ಐದೂವರೆ ಸಾವಿರ, ಥರ್ಮಾಮೀಟರು ಎರಡು ಸಾವಿರದ ಚಿಲ್ಲರೆ, ಹಳೆಯ ಮೊಬೈಲುಗಳಿಗೆ ಏಳೆಂಟು ಸಾವಿರ, ಹಾಳೆ ಪುಕ್ಕಟೆ. ಮೂವತ್ತು ಬೆಳಗುಗಳ ಕೊನೆಗೆ, ನೆರಳಿನ ಗೂಡುಗಳು ಬಿಸಿಲಿನವಕ್ಕಿಂತ ಇಪ್ಪತ್ತು ನಿಮಿಷದಷ್ಟು ತಡವಾಗಿ ಹೊರಟದ್ದು ಕಂಡಿತು. ಬಾಗಿಲ ಬೆಳಕು ಒಂದೇ ಇದ್ದುದರಿಂದ, ಅವು ಕಾದದ್ದು ಗೂಡು ಬೆಚ್ಚಗಾಗುವುದಕ್ಕೆ ಎಂದಾಯಿತು. ಆರು ಜೋಡಿಗಳಲ್ಲಿ ಐದು ಹೀಗೆ. ಒಂದು ಜೋಡಿಯಲ್ಲಿ ವ್ಯತ್ಯಾಸವೇ ಇರಲಿಲ್ಲ, ಅದನ್ನೂ ಹಾಗೆಯೇ ಬರೆದೆ. ಲೆಕ್ಕವನ್ನು ಪುಕ್ಕಟೆ ಸಿಗುವ ‘ಆರ್’ ತಂತ್ರಾಂಶದಲ್ಲಿ, ಗೂಡನ್ನೇ ಘಟಕವಾಗಿಟ್ಟುಕೊಂಡು ಮಾಡಿದೆವು.

ಬರವಣಿಗೆಯಲ್ಲಿ ಮೊದಲು ಚಿತ್ರಗಳು, ಆಮೇಲೆ ವಿಧಾನ, ಫಲಿತಾಂಶ. ಪೀಠಿಕೆ ಮತ್ತು ಸಾರಾಂಶವನ್ನು ಕಡೆಗೆ ಬರೆದೆ. ಜರ್ನಲ್ ಆರಿಸಲು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ: ನಾನು ಉಲ್ಲೇಖಿಸಿದ ಲೇಖನಗಳು ಯಾವುದರಲ್ಲಿ ಹೆಚ್ಚಾಗಿ ಬಂದಿವೆಯೋ, ಅವುಗಳಲ್ಲಿ ಲೇಖಕರಿಂದ ಹಣ ಕೇಳದ ಎರಡನ್ನು ಗುರುತು ಹಾಕಿಕೊಂಡೆ. ಮೊದಲನೆಯದು ಒಂಬತ್ತೇ ದಿನಕ್ಕೆ, ವಿಮರ್ಶೆಗೂ ಕಳಿಸದೆ ಹಿಂದಿರುಗಿಸಿತು. ಎರಡನೆಯದು ಐದು ತಿಂಗಳು ಕಾಯಿಸಿ ಇಪ್ಪತ್ತಮೂರು ಆಕ್ಷೇಪಗಳನ್ನು ಕಳಿಸಿತು. ಒಂದು ರಾತ್ರಿ ಸಿಟ್ಟು ಮಾಡಿಕೊಂಡು ಮಲಗಿ, ಮರುದಿನದಿಂದ ಪ್ರತಿ ಆಕ್ಷೇಪಕ್ಕೂ ಅಂಕಿ ಹಾಕಿ, ಕೆಳಗೆ ಉತ್ತರ, ಅದರ ಕೆಳಗೆ ತಿದ್ದಿದ ಸಾಲಿನ ಸಂಖ್ಯೆ ಬರೆಯುತ್ತ ಹೋದೆ. ಹತ್ತೊಂಬತ್ತನ್ನು ಒಪ್ಪಿದೆ, ನಾಲ್ಕನ್ನು ಕಾರಣ ಕೊಟ್ಟು ಒಪ್ಪಲಿಲ್ಲ. ಬೆಳಕನ್ನು ಮೊಬೈಲಿನ ಆ್ಯಪ್‌ನಿಂದ ಅಳೆದದ್ದು ಅವರಿಗೆ ಹಿಡಿಸಿರಲಿಲ್ಲ, ಅದು ಸರಿಯೂ ಆಗಿತ್ತು. ಆ ಅಂಕಿಗಳನ್ನು ತೆಗೆದು ಬಾಗಿಲಿನ ಮೇಲೆ ನೆರಳಿಲ್ಲವೆಂದು ತೋರಿಸುವ ಚಿತ್ರಗಳನ್ನಷ್ಟೇ ಇಟ್ಟೆ. ಹುಳದ ಜಾತಿಯ ವೈಜ್ಞಾನಿಕ ಹೆಸರಿಗೆ ಆಧಾರ ಕೇಳಿದ್ದರು. ಈ ಗುಂಪಿನ ಹುಳಗಳು ಬರಿಗಣ್ಣಿಗೆ ಒಂದೇ ಥರ ಕಾಣುವುದರಿಂದ ಮಾದರಿಗಳನ್ನು ವರ್ಗೀಕರಣ ತಜ್ಞರಿಗೆ ಕಳಿಸಿ ಟೆಟ್ರಗೋನುಲ ಇರಿಡಿಪೆನ್ನಿಸ್ ಎಂದು ಖಚಿತಪಡಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಇದನ್ನು ಮೊದಲೇ ಮಾಡಬೇಕಿತ್ತು. ಮೂಲ ದತ್ತಾಂಶವನ್ನು ಸಂಶೋಧನಾ ದತ್ತಾಂಶ ಇಡುವ ಝೆನೋಡೊ ಜಾಲತಾಣದಲ್ಲಿ ಹಾಕಿದೆ; ಅದಕ್ಕೂ ಖರ್ಚಿಲ್ಲ.

ಒಪ್ಪಿಗೆಯ ಪತ್ರ ಬಂದ ಮೂರನೆಯ ವಾರ ಕರಡಚ್ಚು ಬಂತು, ತಿದ್ದಿ ಕಳಿಸಲು 48 ಗಂಟೆ. ಪರೀಕ್ಷಾ ಮೌಲ್ಯಮಾಪನದ ನಡುವೆ ಬಸ್ಸಿನಲ್ಲಿ ಕೂತು ಓದುವಾಗ, ಎರಡನೆಯ ಚಿತ್ರದಲ್ಲಿ ‘ನೆರಳು’ ಮತ್ತು ‘ಬಿಸಿಲು’ ಅದಲುಬದಲಾಗಿರುವುದು ಕಣ್ಣಿಗೆ ಬಿತ್ತು. ಮೂಲ ಕಡತ ತೆಗೆದು ನೋಡಿದರೆ ತಪ್ಪು ಅವರದಲ್ಲ, ನನ್ನದೇ. ಇಬ್ಬರು ವಿಮರ್ಶಕರೂ ಅದನ್ನು ಗಮನಿಸಿರಲಿಲ್ಲ. ಬಸ್ಸು ಕುಮಟಾ ಮುಟ್ಟುವ ಮೊದಲೇ ತಿದ್ದುಪಡಿ ಕಳಿಸಿದೆ.