ಮಳೆ ಹಿಡಿದರೆ ಬೀಳುತ್ತಿದ್ದ ಆರ್‌ಸಿಸಿಬಿ

ಧಾರವಾಡದ ಮಾಳಮಡ್ಡಿಯ ನಮ್ಮ ಹೆಂಚಿನ ಮನೆಯಲ್ಲಿ ಮೃಗಶಿರಾ ಮಳೆ ಹಿಡಿಯುತ್ತಲೇ ಕರೆಂಟ್ ಸೋರಿಕೆ ಪತ್ತೆಹಚ್ಚುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳಲು, ಅಂದರೆ ತಾನಾಗಿ ಆಫ್ ಆಗಲು, ಶುರುವಾಗುತ್ತಿತ್ತು. ಗೀಸರ್ ಹಾಕಿದಾಗ, ಇಸ್ತ್ರಿ ಮಾಡುವಾಗ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಏನೂ ಇಲ್ಲ. ರಿಪೇರಿಗೆ ಬಂದವರೊಬ್ಬರು ಗೀಸರಿನ ಕಾಯಿಲ್ ಬದಲಿಸಿದರು. ಇನ್ನೊಬ್ಬರು ಆರ್‌ಸಿಸಿಬಿಯನ್ನೇ ತೆಗೆದು ನೇರ ಸಂಪರ್ಕ ಕೊಡುತ್ತೇನೆ ಎಂದರು. ಅದಕ್ಕೆ ನಾನು ಸುತರಾಂ ಒಪ್ಪಲಿಲ್ಲ. 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಕರೆಂಟ್ ಕಡಿದು ಜೀವ ಉಳಿಸುವ ಸಾಧನ ಅದು.

ಸುಳಿವು ಸಿಕ್ಕಿದ್ದು ಎಂಸಿಬಿಗಳಿಂದ, ಅಂದರೆ ಮನೆಯ ಒಂದೊಂದು ಲೈನಿಗೂ ಇರುವ ಸ್ವಿಚ್ಚುಗಳಿಂದ. ಒಂದೊಂದನ್ನೇ ಆರಿಸಿ ನೋಡಿದೆ. ಯಾವುದನ್ನು ಆರಿಸಿದರೂ, ಬೇರೆ ಲೈನಿನಲ್ಲಿ ಇಸ್ತ್ರಿಪೆಟ್ಟಿಗೆ ಹಚ್ಚಿದೊಡನೆ ಆರ್‌ಸಿಸಿಬಿ ಬೀಳುತ್ತಿತ್ತು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಸಿಂಗಲ್ ಪೋಲ್ ಎಂಸಿಬಿ ಕರೆಂಟ್ ತರುವ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ, ಅದು ಮರಳುವ ನ್ಯೂಟ್ರಲ್ ತಂತಿ ಹಾಗೆಯೇ ಉಳಿಯುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ಅರ್ಥಿಂಗಿಗೆ ತಾಗಿದ್ದರೆ, ದೊಡ್ಡ ಲೋಡ್ ಹಾಕಿದಾಗ ಮರಳುವ ಕರೆಂಟಿನ ಒಂದು ಪಾಲು ನೆಲದ ದಾರಿ ಹಿಡಿಯುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಗೀಸರ್ ನಿರಪರಾಧಿ!

ಬೇಕೆಂದೇ ಮಳೆ ಸುರಿಯುವ ದಿನ ನೋಡಿ, ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇರುವ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಒಣಗಿದ ಮೇಲೆ ಈ ದೋಷ ಕೈಗೆ ಸಿಗುವುದಿಲ್ಲ. ಮೇನ್ ಆರಿಸಿ, ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಪ್ಲಗ್‌ಗಳನ್ನೆಲ್ಲ ಕಿತ್ತೆವು. ನ್ಯೂಟ್ರಲ್ ಬಾರಿನ ತಂತಿಗಳಿಗೆ ಚೀಟಿ ಅಂಟಿಸಿ ಬಿಚ್ಚಿ, ಪ್ರತಿಯೊಂದಕ್ಕೂ ಅರ್ಥಿಂಗಿಗೂ ನಡುವೆ 500 ವೋಲ್ಟ್ ಕೊಟ್ಟು ಇನ್ಸುಲೇಷನ್ ರೋಧ ಅಳೆದೆವು. 1 ಮೆಗಾಓಮ್‌ಗಿಂತ ಕೆಳಗೆ ಇಳಿಯಬಾರದು. ಅಂಗಳದ ದೀಪದ ಲೈನ್ ಸೊನ್ನೆಯ ಹತ್ತಿರ ತೋರಿಸಿತು.

ಸೂರಿನಡಿಯ ಜಂಕ್ಷನ್ ಬಾಕ್ಸ್ ತೆರೆದರೆ ಒಳಗೆ ಕಣಜದ ಮಣ್ಣಿನ ಗೂಡು, ನೀರು ಕುಡಿದು ಮೆತ್ತಗಾಗಿತ್ತು. ಟೇಪು ಲೋಳೆಯಾಗಿ ಜಾರಿ, ಹಸಿರು ಕಿಲುಬು ಹಿಡಿದ ನ್ಯೂಟ್ರಲ್ ಹೆಣಿಗೆ ಅರ್ಥ್ ತಂತಿಗೆ ಒರಗಿಕೊಂಡಿತ್ತು. ಇಷ್ಟೇ ಸಂಗತಿಗೆ ಒಳ್ಳೆಯ ಕಾಯಿಲ್ ಗುಜರಿಗೆ ಹೋಗಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಹೊಸದಾಗಿ ನೀರು ಹೊಗದ ಬಾಕ್ಸ್ ಹಾಕಿಸಿದೆ. ತಂತಿಯಗುಂಟ ಹರಿದ ಹನಿ ಒಳಗಿಳಿಯದಂತೆ ಪೈಪನ್ನು ಕೆಳಗಿನಿಂದ ಹೊಗಿಸಿದೆವು. ಹೆಣಿಗೆ, ಟೇಪಿನ ಬದಲು ಕನೆಕ್ಟರ್ ಬಂತು. ಹೊರಗಿನ ಲೈನಿಗೆ ನ್ಯೂಟ್ರಲನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿಯನ್ನೇ ಹಾಕಿಸಿ ಎಂದು ಹಳೆಯ ಮನೆಯವರಿಗೆಲ್ಲ ಹೇಳುತ್ತೇನೆ. ಮುಂದೆ ತೇವ ಹೊಕ್ಕರೂ ಅದೊಂದನ್ನು ಆರಿಸಿದರೆ ಉಳಿದ ಮನೆಗೆ ಕರೆಂಟ್ ಇರುತ್ತದೆ, ದೋಷ ಯಾವ ಲೈನಿನಲ್ಲಿದೆ ಎಂಬುದೂ ಆಗಲೇ ಗೊತ್ತಾಗುತ್ತದೆ.