ಪೋಕೆಮಾನ್ ಕಾರ್ಡ್ ಒರಿಜಿನಲ್ಲೋ ಡೂಪ್ಲಿಕೇಟೋ? ಹೀಗೆ ನೋಡಿ

ನನ್ನ ಅಕ್ಕನ ಮಗ ಮೊನ್ನೆ ಜಾತ್ರೆಯಿಂದ ಒಂದು ಡಬ್ಬಿ ಪೋಕೆಮಾನ್ ಕಾರ್ಡ್ ತಂದ, ಮಕ್ಕಳು ಆಡುವ, ಕೂಡಿಡುವ ಆಟದ ಕಾರ್ಡ್‌ಗಳು. ಅಷ್ಟೂ ಚಿನ್ನದ ಬಣ್ಣ, ಅಷ್ಟೂ ಪ್ಲಾಸ್ಟಿಕ್. ಒಂದರಲ್ಲಿ ಚಾರಿಜಾರ್ಡ್ ಅನ್ನುವ ಬೆಂಕಿಯ ಪೋಕೆಮಾನ್, ಅದರ ಎಚ್‌ಪಿ, ಅಂದರೆ ಪೆಟ್ಟು ತಡೆಯುವ ಶಕ್ತಿ, 2000! ಅವನಿಗೆ ಖುಷಿಯೋ ಖುಷಿ. ಆದರೆ ಆ ಡಬ್ಬಿಯಲ್ಲಿ ಒಂದೂ ಒರಿಜಿನಲ್ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೊಳಪು ನೋಡಿ ಕಾರ್ಡ್ ಕೊಳ್ಳಬೇಡಿ. ಮೊದಲು ಅದನ್ನು ಓದಿ. ಇಂಗ್ಲಿಷ್‌ನಲ್ಲಿ 1999ರಲ್ಲಿ ಬಂದ ಮೊದಲ ಸೆಟ್‌ನ ಚಾರಿಜಾರ್ಡ್ ತೆಗೆದುಕೊಳ್ಳಿ. ಮೇಲೆ ಬಲಕ್ಕೆ ಎಚ್‌ಪಿ 120, ಅಂದರೆ ಅಷ್ಟು ಪೆಟ್ಟು ತಿಂದರೆ ಅದು ಔಟ್. ಪಕ್ಕದಲ್ಲಿ ಬೆಂಕಿಯ ಗುರುತು. ಕೆಳಗೆ ವೀಕ್‌ನೆಸ್ ಅನ್ನುವಲ್ಲಿ ನೀರಿನ ಹನಿ, ಬೆಂಕಿಗೆ ನೀರು ಕಂಡರೆ ಆಗದು ಅಲ್ವಾ, ಅದು. ಮೂಲೆಯಲ್ಲಿ 4/102, ಅಂದರೆ 102 ಕಾರ್ಡ್‌ಗಳ ಸೆಟ್‌ನಲ್ಲಿ ನಾಲ್ಕನೆಯದು. ಅದರ ಹತ್ತಿರ ಒಂದು ಪುಟ್ಟ ನಕ್ಷತ್ರ. ವೃತ್ತ ಇದ್ದರೆ ಸುಲಭವಾಗಿ ಸಿಗುವ ಕಾರ್ಡ್, ವಜ್ರದ ಆಕಾರ ಇದ್ದರೆ ಸ್ವಲ್ಪ ಕಮ್ಮಿ, ನಕ್ಷತ್ರ ಇದ್ದರೆ ಅಪರೂಪ. ಎಷ್ಟೋ ಡೂಪ್ಲಿಕೇಟ್‌ಗಳಲ್ಲಿ ಈ ನಂಬರ್, ಗುರುತು ಇರುವುದೇ ಇಲ್ಲ, ಇದ್ದರೂ ಆ ಸೆಟ್‌ಗೂ ಅದಕ್ಕೂ ತಾಳೆಯಾಗುವುದಿಲ್ಲ. ಸಾವಿರದ ಲೆಕ್ಕದ ಎಚ್‌ಪಿಯಂತೂ ಆಟದ ಯಾವ ಒರಿಜಿನಲ್ ಕಾರ್ಡ್‌ನಲ್ಲೂ ಇಲ್ಲ.

ಈಗ ಮುಖ್ಯ ವಿಷಯ. ಖಾತ್ರಿ ಇರುವ ಒರಿಜಿನಲ್ ಕಾರ್ಡ್ ಒಂದನ್ನು ಯಾವಾಗಲೂ ಜೊತೆಗಿಟ್ಟುಕೊಳ್ಳಿ, ಬೆಲೆಯದೇ ಆಗಬೇಕಿಲ್ಲ, ವೃತ್ತದ ಗುರುತಿನದಾದರೂ ಸಾಕು. ಅನುಮಾನ ಇರುವ ಕಾರ್ಡನ್ನು ಅದರ ಪಕ್ಕ ಬೋರಲು ಹಾಕಿ, ಹಿಂಬದಿಯ ನೀಲಿ ಬಣ್ಣ ನೋಡಿ. ಡೂಪ್ಲಿಕೇಟ್‌ನಲ್ಲಿ ಅನೇಕ ಸಲ ನೀಲಿ ಮಂಕಾಗಿರುತ್ತದೆ, ಇಲ್ಲವೇ ನೇರಳೆ ಕಡೆ ವಾಲಿರುತ್ತದೆ. ಅಳತೆಯೂ ನೋಡಿ, 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಆಮೇಲೆ ಎರಡಕ್ಕೂ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಒರಿಜಿನಲ್ ಕಾರ್ಡ್‌ನ ಒಳಗೆ ಕಪ್ಪು ಪದರ ಇರುವುದರಿಂದ ಬೆಳಕು ಕಮ್ಮಿ ದಾಟುತ್ತದೆ, ಡೂಪ್ಲಿಕೇಟ್‌ನಲ್ಲಿ ಅನೇಕ ಸಲ ಧಾರಾಳವಾಗಿ ಬರುತ್ತದೆ. ಹರಿದು ನೋಡಿ ಅನ್ನುವವರ ಮಾತು ಮಾತ್ರ ಕೇಳಬೇಡಿ. ಒರಿಜಿನಲ್ ಆಗಿದ್ದರೆ ಹೋಯ್ತು!

ಆನ್‌ಲೈನ್‌ನಲ್ಲಿ ಬಿಡಿ ಕಾರ್ಡ್ ಕೊಳ್ಳುವಾಗ ಮುಂದೆ, ಹಿಂದೆ, ನಾಲ್ಕೂ ಮೂಲೆಯ ಫೋಟೋ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.

ಒಳ್ಳೆಯದು ಸಿಕ್ಕಿದರೆ ಕೂಡಲೇ ಸ್ಲೀವ್‌ಗೆ, ಅಂದರೆ ಕಾರ್ಡ್ ಅಳತೆಯ ತೆಳು ಪ್ಲಾಸ್ಟಿಕ್ ಕವರ್‌ಗೆ ಹಾಕಿ. ಮಳೆಗಾಲದ ತೇವಕ್ಕೆ ಹೊಳಪಿನ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಒಳ್ಳೆಯದು.

ಮಗುವಿನ ಕೈಲಿರುವ ಡೂಪ್ಲಿಕೇಟನ್ನು ಕಿತ್ತುಕೊಳ್ಳಬೇಡಿ, ಸುಮ್ನೆ ಆಡಲಿ. ಬೇರೆ ಮಕ್ಕಳ ಒರಿಜಿನಲ್‌ಗೆ ಅದನ್ನು ಬದಲಿ ಕೊಡಬಾರದು ಅಂತ ಮಾತ್ರ ಹೇಳಿ. ನಮ್ಮ ಹುಡುಗ ಈಗ ಅವನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಸ್ಕೆಚ್ ಪೆನ್‌ನಲ್ಲಿ 'ಡೂಪ್ಲಿಕೇಟ್' ಅಂತ ಬರೆದಿದ್ದಾನೆ.